ಖರ್ನೂಬಿನ ಹಾಲು

ಬಚ್ಚಲು ಕಟ್ಟಿಕೊಂಡು ನೀರು ನಿಂತಿತ್ತು. ಗದಿಗೆಮ್ಮ ಕಡ್ಡಿ ಹಾಕಿ ಕೆದರಿದರೆ, ಕೂದಲ ಉಂಡೆಯ ಜೊತೆ ಹೊರಗೆ ಬಂದದ್ದು ಸೊಸೆಗೆ ರಕ್ತ ಏರಲೆಂದು ಕೊಟ್ಟ ಗುಳಿಗೆಗಳು. ಒಂದಲ್ಲ ಎರಡಲ್ಲ, ಒಂದು ಹಿಡಿ. ಅರ್ಧಂಬರ್ಧ ಕರಗಿ, ಮೇಲಿನ ಕೆಂಪು ಬಣ್ಣವೆಲ್ಲ ಕಲ್ಲಿಗೆ ಹತ್ತಿತ್ತು.

“ರೇಣುಕಾ! ಬಾ ಇಲ್ಲಿ. ಏನಿದು?”

ಐದು ತಿಂಗಳ ಬಸುರಿ ರೇಣುಕಾ ಹಿಟ್ಟಿನ ಕೈಯಲ್ಲೇ ಬಂದು ನಿಂತಳು. ನೋಡಿದಳು. ತಲೆ ತಗ್ಗಿಸಿದಳು.

“ತಿಂದ ಕೂಡಲೆ ವಾಂತಿ ಆಗತೈತ್ರಿ ಅತ್ತಿ. ಹೊಟ್ಟಿ ಬ್ಯಾರೆ ಕೆಡತೈತಿ. ದಿನಾ ನಾಕ ಸಲ ಓಡಬೇಕ್ರಿ.”

“ಅದಕ್ಕ ಬಚ್ಚಲಕ್ಕ ಹಾಕೋದಾ? ಬಚ್ಚಲಕ್ಕೇನು ರಕ್ತ ಕಮ್ಮಿ ಆಗೇತೇನು? ಬಾಯಿಬಿಟ್ಟು ಹೇಳಬೇಕಿಲ್ಲ?”

“ಹೇಳಿದ್ರ ನೀವು ಬೈತೀರಂತ...”

“ಹೇಳಲಿಲ್ಲ, ಈಗ ಬೈಯಾಕತ್ತಿಲ್ಲೇನು ನಾನು?”

ಒಳಗೆ ಚಾಪೆಯ ಮೇಲೆ ಒರಗಿದ್ದ ಅಮರಯ್ಯನಿಗೆ ನಗು ಬಂತು. ಸೆಂಟ್ರಿಂಗ್ ಕೆಲಸದಲ್ಲಿ ಮೇಲಿನಿಂದ ಬಿದ್ದು ಬೆನ್ನು ಮುರಿದುಕೊಂಡ ಮೇಲೆ ಅವನ ಪಾಲಿಗೆ ಉಳಿದದ್ದು ಆ ಚಾಪೆ ಮತ್ತು ಹೆಂಡತಿಯ ಬೈಗುಳ ಎರಡೇ. “ಹೋಗಲಿ ಬಿಡ, ಬಸಿರಿ ಹುಡುಗಿ” ಎಂದ. “ನೀವು ಸುಮ್ಮನಿರ್ರಿ” ಎಂದು ಉತ್ತರ ಬಂತು.

ಲಿಂಗಸುಗೂರಿನ ಕಡೆಯಿಂದ ಬಂದು ಸನತ್‌ನಗರದ ಈ ಓಣಿಯಲ್ಲಿ ನೆಲೆಯಾದ ಸಂಸಾರ ಅದು. ಮಗ ಹುಲಗೇಶ ಪಟಾನ್‌ಚೆರುವಿನ ಕಾರ್ಖಾನೆಯೊಂದರಲ್ಲಿ ಡ್ರಮ್ಮು ಇಳಿಸುವ ಕೆಲಸಕ್ಕೆ ಬೆಳಗ್ಗೆ ಬಸ್ಸು ಹಿಡಿದರೆ ಸಂಜೆಗೇ ಮನೆ. ಗದಿಗೆಮ್ಮ ಮೆಹದಿಪಟ್ಟಣಂನ ಎರಡು ಮನೆಗಳಲ್ಲಿ ಮುಸುರೆ ತಿಕ್ಕುತ್ತಿದ್ದಳು. ರೇಣುಕಾ ಬಂದು ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಅತ್ತೆ-ಸೊಸೆ ಜಗಳವಾಡುತ್ತಿರಲಿಲ್ಲವೆಂದಲ್ಲ, ಆಡುತ್ತಿದ್ದರು. ಆದರೆ ಒಂದೇ ತಟ್ಟೆಯಲ್ಲಿ ಚುರುಮುರಿ ಕಲೆಸಿಕೊಂಡು ತಿನ್ನುವುದನ್ನೂ ಓಣಿ ನೋಡಿತ್ತು.

ಓಣಿಯವರಿಗೆಂದು ಸರಕಾರ ತೆರೆದ ಬಸ್ತಿ ದವಾಖಾನೆಯ ಡಾಕ್ಟರಮ್ಮ ಮೊದಲ ತಪಾಸಣೆಯಲ್ಲೇ ಹೇಳಿದ್ದಳು: ಹುಡುಗಿಗೆ ರಕ್ತ ಎಂಟರಲ್ಲಿದೆ, ಹನ್ನೊಂದಾದರೂ ಬೇಕು, ಗುಳಿಗೆ ತಪ್ಪಿಸಬೇಡಿ, ಹೆರಿಗೆಗೆ ದೂರ ಕಳಿಸಬೇಡಿ, ದೊಡ್ಡ ಆಸ್ಪತ್ರೆ ಹತ್ತಿರವಿರಲಿ. ಚೊಚ್ಚಲ ಬಾಣಂತನ ತವರಿನ ಹಕ್ಕು. ಅದನ್ನು ಬಿಡಿಸುವುದೆಂದರೆ ಸಣ್ಣ ಮಾತೇ? ಗದಿಗೆಮ್ಮನೇ ಬೀಗತಿ ಅನ್ನಮ್ಮನಿಗೆ ಫೋನು ಹಚ್ಚಿ ಒಪ್ಪಿಸಿದ್ದಳು. “ಅಕ್ಕಾ, ನಿಮ್ಮ ಮಗಳು ಅನ್ನೂದ ಮರತಬಿಡ್ರಿ. ನನ್ನ ಮಗಳು. ಕಣ್ಣಾಗಿಟ್ಟು ನೋಡಕೋತೀನಿ” ಎಂದಿದ್ದಳು. ಈಗ ಬಚ್ಚಲಲ್ಲಿ ಗುಳಿಗೆ ಕಂಡರೆ ಸಿಟ್ಟು ಬರದೆ ಇದ್ದೀತೇ?

ಅಂದು ಸಂಜೆ ರೊಟ್ಟಿಯ ಮುಂದೆ ಕುಳಿತ ಹುಲಗೇಶನಿಗೂ ವಿಷಯ ಗೊತ್ತಾಯಿತು.

“ಅರ್ಧಾ ದಿನದ ಪಗಾರ ಬಿಟ್ಟು ನಿನ್ನ ದವಾಖಾನಿಗೆ ಕರಕೊಂಡು ಹೋಗೋದು ನಾನು. ಚೆಲ್ಲೋದು ನೀನು.”

“ಇನ್ಮ್ಯಾಲೆ ಚೆಲ್ಲಂಗಿಲ್ರಿ.”

“ನೋಡೋಣ.”

“ನೋಡೋದೇನು ಬಂತು, ಹೇಳಾಕತ್ತಾಳಲ್ಲ” ಎಂದು ಗದಿಗೆಮ್ಮ ಮಗನ ತಟ್ಟೆಗೆ ಪುಂಡಿಪಲ್ಯ ಬಡಿಸಿದಳು. “ಔಷಧಕ್ಕ ತಕ್ಕ ಅನುಪಾನ ಇಲ್ಲ, ಅದಕ್ಕ ಹೊಟ್ಟ್ಯಾಗ ನಿಂದ್ರವಲ್ದು. ನಾ ನೋಡಕೋತೀನಿ.”

ಅನುಪಾನದ ಮಾತು ಅವಳಿಗೆ ತಂದೆಯಿಂದ ಬಂದದ್ದು. ದ್ಯಾವಪ್ಪ ಊರಲ್ಲಿ ನಾಟಿ ಔಷಧಿ ಕೊಡುತ್ತಿದ್ದ. ಕೆಮ್ಮಿನ ಪುಡಿಗೆ ಜೇನು, ವಾಯುವಿನ ಗುಳಿಗೆಗೆ ಬಿಸಿನೀರು, ಬಾಣಂತಿಯ ಕಾಡೆಗೆ ತುಪ್ಪ. ಬರಿಯ ಔಷಧಿಯನ್ನು ಯಾರ ಕೈಗೂ ಇಟ್ಟವನಲ್ಲ. ಯಾವುದರ ಜೊತೆ ಕೊಡುತ್ತೀ ಎಂಬುದೇ ಅರ್ಧ ವೈದ್ಯ ಎನ್ನುತ್ತಿದ್ದ. ಮಗಳಿಗೆ ಪುಡಿಗಳ ಹೆಸರು ಮರೆತಿದ್ದವು, ಆ ಮಾತು ಮರೆತಿರಲಿಲ್ಲ. ದವಾಖಾನೆಯವರು ಗುಳಿಗೆ ಕೊಟ್ಟು ಅನುಪಾನ ಹೇಳದೆ ಕಳಿಸುವುದನ್ನು ಕಂಡರೆ ಅವಳಿಗೆ, ಅಡುಗೆ ಮಾಡಿಟ್ಟು ಉಪ್ಪು ಮರೆತವರನ್ನು ಕಂಡಂತೆ ಆಗುತ್ತಿತ್ತು.

ಮೆಹದಿಪಟ್ಟಣಂನ ಸಫಿಯಾ ಬೇಗಂ ಮನೆಯಲ್ಲಿ ಮರುದಿನ ಪಾತ್ರೆ ತಿಕ್ಕುತ್ತಲೇ ಈ ಸಂಗತಿ ತೆಗೆದಳು. ಬೇಗಂ ಎದ್ದು ಹೋಗಿ ಡಬ್ಬಿಯೊಂದನ್ನು ತಂದಳು. ಒಳಗೆ ಉದ್ದನೆಯ, ಚಪ್ಪಟೆಯ, ಗಾಢ ಕಂದು ಬಣ್ಣದ ಒಣಗಿದ ಕಾಯಿಗಳು. ನೋಡಿದರೆ ನಮ್ಮ ಜಾಲಿಕಾಯಿಗೆ ಅಣ್ಣನಾಗಬೇಕು.

“ಯೇ ಖರ್ನೂಬ್ ಹೈ” ಎಂದಳು ಬೇಗಂ. ಜೆದ್ದಾದಲ್ಲಿರುವ ತಮ್ಮ ಬಂದಾಗಲೆಲ್ಲ ತರುತ್ತಾನಂತೆ. ಇಲ್ಲಿನ ಯುನಾನಿ ಅಂಗಡಿಗಳಲ್ಲೂ ಸಿಗುತ್ತದೆ, ಆದರೆ ತಮ್ಮ ತಂದದ್ದರ ರುಚಿಯೇ ಬೇರೆ.

ಗದಿಗೆಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು. ಮೊದಲು ಹಳೆಯ ಬೆಲ್ಲದ ಸಿಹಿ. ಆಮೇಲೆ ನಾಲಿಗೆಯನ್ನು ಹಿಡಿದೆಳೆಯುವ ಒಗರು. ಬೀಜವೋ ಕಲ್ಲು.

“ಬೀಜ ತೆಗೆದುಬಿಡು. ತೊಗಟೆ ಹುರಿದು ಕುಟ್ಟು. ಹೊಟ್ಟೆ ಹರಿಯುವುದಕ್ಕೆ ಹಕೀಮರು ಇದನ್ನೇ ಹೇಳುವುದು. ನನ್ನ ಮಕ್ಕಳಿಗೆಲ್ಲ ಇದನ್ನೇ ಕೊಟ್ಟು ದೊಡ್ಡವರನ್ನು ಮಾಡಿದೆ” ಎಂದಳು ಬೇಗಂ ತನ್ನ ದಖ್ಖನಿಯಲ್ಲಿ. “ಬೇಸಿಗೆಯಲ್ಲಿ ನೆನೆಹಾಕಿ ಶರಬತ್ತು ಮಾಡುತ್ತೇವೆ. ಕ್ಯಾಲ್ಸಿಯಂ ಇದೆ, ನಾರು ಇದೆ, ಚಹಾದ ಹಾಗೆ ನಿದ್ದೆಯನ್ನೂ ಕೆಡಿಸುವುದಿಲ್ಲ.”

“ರಕ್ತಕ್ಕ ಚಲೋ ಏನ್ರಿ ಬಾಜಿ?”

“ರಕ್ತದ್ದು ನನಗೆ ಗೊತ್ತಿಲ್ಲಮ್ಮ. ಹೊಟ್ಟೆಗೆ ಹೇಳುತ್ತಿದ್ದೇನೆ.”

ಬೇಗಂ ಹೇಳಿದ್ದು ಅಷ್ಟೇ, ಒಂದಕ್ಷರ ಹೆಚ್ಚಿಲ್ಲ. ಆದರೆ ಬಸ್ಸಿನಲ್ಲಿ ಬರುವಾಗ ಗದಿಗೆಮ್ಮ ಉಳಿದದ್ದನ್ನು ತಾನೇ ಸೇರಿಸಿಕೊಂಡಳು. ಕರಿ ಬೆಲ್ಲ ರಕ್ತಕ್ಕೆ ಒಳ್ಳೆಯದು, ಖರ್ಜೂರ ಒಳ್ಳೆಯದು, ಕರಿ ದ್ರಾಕ್ಷಿ ಒಳ್ಳೆಯದು. ಇದೂ ಕರಿದೇ, ಇದೂ ಸಿಹಿಯೇ. ಅಂದಮೇಲೆ? ಅವಳಿಗೆ ಸಂಶಯವೇ ಬರಲಿಲ್ಲ.

ಹುರಿದಳು, ಕುಟ್ಟಿದಳು, ವಸ್ತ್ರದಲ್ಲಿ ಜರಡಿ ಹಿಡಿದಳು. ಬೆಳಗ್ಗೆ ಹಾಲು ಕಾಯಿಸಿ ಒಂದು ಚಮಚ ಹಾಕಿ ಕದಡಿ, ಲೋಟದ ಮೇಲೆ ತಟ್ಟೆ ಮುಚ್ಚಿ, ತಟ್ಟೆಯ ಮೇಲೆ ಗುಳಿಗೆ ಇಟ್ಟಳು. “ಇದರ ಜೋಡಿ ನುಂಗು” ಎಂದು ಕೆಲಸಕ್ಕೆ ಹೋದಳು.

ಸಂಜೆ ಬಂದಾಗ ರೇಣುಕಾ ಬಾಗಿಲಲ್ಲೇ ನಗುತ್ತ ನಿಂತಿದ್ದಳು. “ಅತ್ತೀ, ವಾಂತಿ ಆಗಲಿಲ್ರಿ! ಹೊಟ್ಟೀನೂ ಸುಮ್ಮನೈತಿ. ಚಾಕ್ಲೇಟ್ ಕುಡದಂಗ ಇತ್ರಿ.”

“ನೋಡಿದಿ? ನಾ ಯಾರ ಮಗಳು!”

ಅಮರಯ್ಯ ತನಗೂ ಒಂದು ಲೋಟ ಬೇಕೆಂದ. “ನಿಮಗೆಷ್ಟ ತಿಂಗಳಾತು?” ಎಂದು ಕೇಳಿದಳು ಗದಿಗೆಮ್ಮ. ಮೂವರೂ ನಕ್ಕರು. ಆ ಮನೆಯಲ್ಲಿ ಹಾಗೆ ಕೂಡಿ ನಕ್ಕದ್ದು ಅದೇ ಕೊನೆ ಎಂದು ಆಗ ಯಾರಿಗೆ ಗೊತ್ತಿತ್ತು?

ಏಳನೆಯ ತಿಂಗಳ ತಪಾಸಣೆಯಲ್ಲಿ ರಕ್ತ ಏರುವುದಿರಲಿ, ಎಂಟರಿಂದ ಏಳೂವರೆಗೆ ಇಳಿದಿತ್ತು. ಹುಲಗೇಶ ದವಾಖಾನೆಯಿಂದ ಮನೆಯವರೆಗೂ ಹೆಂಡತಿಯ ಹತ್ತಿರ ಮಾತಾಡದೆ ನಡೆದು ಬಂದ.

“ಮತ್ತ ಚೆಲ್ಲಾಕತ್ತಾಳ ಯವ್ವಾ.”

“ಇಲ್ರೀ, ದಿನಾ ತಿನ್ನಾಕತ್ತೀನಿ. ದೇವರಾಣಿಗೂ.”

“ತಿಂದಿದ್ರ ರಕ್ತ ಇಳೀತಿತ್ತೇನು?”

ಉತ್ತರವಿಲ್ಲದವರೇ ತಪ್ಪಿತಸ್ಥರು, ಲೋಕದ ರೀತಿ ಅದು.

“ಆಕಿ ನುಂಗೋದು ನಾ ನೋಡೀನಲೇ” ಎಂದ ಅಮರಯ್ಯ ಚಾಪೆಯಿಂದ.

“ನಿಮ್ಮ ಕಣ್ಣಾಗ ಪೊರಿ ಬಂದೈತಿ. ಬಾಗಲಕ್ಕ ಬಂದವರ ಗುರತ ಸಿಗಂಗಿಲ್ಲ, ಗುಳಿಗಿ ಕಂಡಿತೇನು?” ಎಂದಳು ಗದಿಗೆಮ್ಮ. ಒಮ್ಮೆ ಚೆಲ್ಲಿದವಳು ಇನ್ನೊಮ್ಮೆ ಚೆಲ್ಲುವುದಿಲ್ಲವೆಂದು ಹೇಗೆ ನಂಬುವುದು? ಬಚ್ಚಲಿಗೆ ಕಡ್ಡಿ ಹಾಕಿ ನೋಡಿದಳು, ಏನೂ ಸಿಗಲಿಲ್ಲ. ಸಿಗದಿದ್ದುದಕ್ಕೆ ಅವಳ ಅನುಮಾನ ಇನ್ನೂ ಬಲವಾಯಿತು. ಹುಷಾರಾಗಿದ್ದಾಳೆ, ಈಗ ಹೊರಗೆ ಎಸೆಯುತ್ತಾಳೆ ಎಂದುಕೊಂಡಳು.

ಅದೇ ವಾರ ಕುಬಸ. ಅನ್ನಮ್ಮ ಊರಿನಿಂದ ಹಸಿರು ಬಳೆ, ಸೀರೆ, ಐದು ಬಗೆಯ ಉಂಡಿ ಹೊತ್ತುಕೊಂಡು ಬಂದಳು. ಓಣಿಯ ಹೆಂಗಸರು ಕೂಡಿ ಬಳೆ ಇಡಿಸಿದರು, ಹಾಡಿದರು. ಉಡಿ ತುಂಬಿಸಿಕೊಂಡು ಕುಳಿತ ರೇಣುಕಾಳ ಮುಖ ಅರಿಸಿನ ಹಚ್ಚಿದರೂ ಬಿಳಿಚಿಕೊಂಡೇ ಇತ್ತು. ಊಟದ ಹೊತ್ತಿಗೆ ಅನ್ನಮ್ಮ, “ನನ್ನ ಮಗಳು ಯಾಕ ಹಿಂಗಾಗ್ಯಾಳ?” ಎಂದು ಕೇಳಿದ್ದೇ ತಡ, ಹುಲಗೇಶ ಬಾಯಿಬಿಟ್ಟ.

“ನಿಮ್ಮ ಮಗಳನ್ನ ಕೇಳ್ರಿ. ಕೊಟ್ಟ ಗುಳಿಗಿ ಎಲ್ಲಿ ಹೋಗತಾವಂತ.”

ಬಂದವರ ಕೈಯ ತುತ್ತು ಕೈಯಲ್ಲೇ ನಿಂತಿತು. ಅನ್ನಮ್ಮ ಬೀಗತಿಯ ಮುಖ ನೋಡಿದಳು. ಗದಿಗೆಮ್ಮ ಬೇಡ ಎನ್ನಬಹುದಿತ್ತು, ಇವತ್ತು ಬೇಡ, ಶುಭದ ದಿನ ಎನ್ನಬಹುದಿತ್ತು. ಎನ್ನಲಿಲ್ಲ. “ಖರೆ ಅಕ್ಕಾ. ಬಚ್ಚಲದಾಗ ನಾನ ಹಿಡದೀನಿ” ಎಂದಳು. ಅದು ಹಳೆಯ ಮಾತು, ಆಮೇಲೆ ಹಿಡಿದಿಲ್ಲ ಎಂಬುದನ್ನು ಸೇರಿಸಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ.

ಅನ್ನಮ್ಮನಿಗೆ ನಾಚಿಕೆಯಿಂದ ನೆಲ ಬಿರಿದಂತಾಯಿತು. ಎದ್ದು ಬಂದು ಮಗಳ ಮುಂದೆ ಕುಳಿತಳು. ಅವಳ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ನನ್ನ ಮ್ಯಾಲ ಆಣಿ ಮಾಡಿ ಹೇಳು. ತಿನ್ನಾಕತ್ತಿಯೋ ಇಲ್ಲೋ?”

“ತಿನ್ನಾಕತ್ತೀನಿ ಯವ್ವಾ. ನಿನ್ನಾಣಿ.”

“ಸುಳ್ಳಾದರ ನಿನಗ ಒಳ್ಳೇದಾಗಂಗಿಲ್ಲ, ನೋಡು.”

“ಸುಳ್ಳಲ್ಲ ಯವ್ವಾ.”

ಹೊಸ ಬಳೆಗಳು ತಾಯಿಯ ಕೂದಲಿಗೆ ಸಿಕ್ಕಿಕೊಂಡವು, ಬಿಡಿಸುವಾಗ ಎರಡು ಒಡೆದವು. ಕುಬಸದ ದಿನ ಬಳೆ ಒಡೆಯಬಾರದೆಂದು ಯಾರೋ ಮುದುಕಿ ಗೊಣಗಿದಳು. ಊಟ ಮುಂದುವರಿಯಿತು.

ಅನ್ನಮ್ಮ ಊರಿಗೆ ಹೋದ ಮೇಲೆ ಗದಿಗೆಮ್ಮ ಹೊಸ ಪದ್ಧತಿ ಹಿಡಿದಳು. ಕೆಲಸಕ್ಕೆ ತುಸು ತಡವಾದರೂ ಸರಿ, ಎದುರಿಗೇ ನಿಂತು ನುಂಗಿಸುವುದು. ನುಂಗಿದ ಮೇಲೆ, “ಬಾಯಿ ತೆಗಿ.”

ರೇಣುಕಾ ಬಾಯಿ ತೆರೆಯುತ್ತಿದ್ದಳು.

“ನಾಲಿಗಿ ಎತ್ತು.”

ಎತ್ತುತ್ತಿದ್ದಳು. ನಳದ ಬಳಿ ಕೊಡ ಹಿಡಿದು ನಿಂತ ಹೆಂಗಸರಿಗೆ ತೆರೆದ ಬಾಗಿಲಿಂದ ಎಲ್ಲ ಕಾಣುತ್ತಿತ್ತು. ಮೊದಮೊದಲು ಹುಡುಗಿಯ ಕಣ್ಣಲ್ಲಿ ನೀರು ತುಂಬುತ್ತಿತ್ತು. ಆಮೇಲೆ ಅದೂ ನಿಂತಿತು. ಹೇಳುವ ಮೊದಲೇ ಬಾಯಿ ತೆರೆದು ನಿಲ್ಲುವಳು. ನೋಡಲಾರದೆ ಅಮರಯ್ಯ ಗೋಡೆಯ ಕಡೆ ಹೊರಳುತ್ತಿದ್ದ.

“ಎತ್ತಿನ ಹಲ್ಲ ನೋಡಿದಂಗ ನೋಡ್ತಿಯಲ್ಲ, ಆಕಿ ಮನಶಾಳು” ಎಂದ ಒಂದು ದಿನ.

“ನಾ ಆಕಿ ಒಳ್ಳೇದಕ್ಕ ಮಾಡಾಕತ್ತೀನಿ.”

ಸುಳ್ಳಲ್ಲ, ಒಳ್ಳೆಯದಕ್ಕೇ. ಗುಳಿಗೆ ಹೊಟ್ಟೆಗೆ ಹೋಗುತ್ತಿದೆ ಎಂದು ಈಗ ಕಣ್ಣಾರೆ ಕಂಡ ಮೇಲೆ ಖರ್ನೂಬನ್ನೂ ಹೆಚ್ಚಿಸಿದಳು. ಒಂದು ಚಮಚದ ಜಾಗದಲ್ಲಿ ಎರಡು. ಡಬ್ಬಿ ಖಾಲಿಯಾದಾಗ ತಾನೇ ಯುನಾನಿ ಅಂಗಡಿ ಹುಡುಕಿಕೊಂಡು ಹೋಗಿ ತಂದಳು. ಮನೆಯಲ್ಲಿ ಉಳಿದವರೆಲ್ಲ ಕರಿ ಚಹಾ ಕುಡಿದರು, ಹಾಲು ಪೂರ್ತಿ ಸೊಸೆಗೇ.

ಎಂಟು ತಿಂಗಳು ದಾಟಿದ ಮೇಲೆ ಮತ್ತೆ ತಪಾಸಣೆ. ಈ ಸಲ ಹುಲಗೇಶ, “ನನ್ನಿಂದ ಆಗಂಗಿಲ್ಲ, ನೀ ಕರಕೊಂಡು ಹೋಗು” ಎಂದುಬಿಟ್ಟದ್ದರಿಂದ ಗದಿಗೆಮ್ಮನೇ ಹೋದಳು. ರಕ್ತ ಏಳಕ್ಕೆ ಇಳಿದಿತ್ತು. ಡಾಕ್ಟರಮ್ಮ ಕನ್ನಡಕ ತೆಗೆದು ರೇಣುಕಾಳನ್ನು ನೋಡಿದಳು.

“ಟ್ಯಾಬ್ಲೆಟ್ ವೇಸ್ಕುಂಟುನ್ನಾವಾ, ಲೇದಾ?” ತಗೊಳ್ತಿದ್ದೀಯೋ ಇಲ್ಲವೋ, ಖರೆ ಹೇಳು ಎಂದಳು. ತಗೊಂಡೂ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ನರಕ್ಕೆ ಸೂಜಿಯಲ್ಲಿ ಔಷಧಿ ಕೊಡುತ್ತಾರೆ. ತಗೊಳ್ಳದಿದ್ದರೆ ಮೊದಲು ಸರಿಯಾಗಿ ತಿನ್ನು.

ರೇಣುಕಾಳಿಗೆ ತೆಲುಗು ಪೂರ್ತಿ ಬರುತ್ತಿರಲಿಲ್ಲ. ಅತ್ತೆಯ ಕಡೆ ತಿರುಗಿ, “ತಿನ್ನಾಕತ್ತಾಳಂತ ಹೇಳ್ರಿ ಅತ್ತಿ” ಎಂದಳು.

ಗದಿಗೆಮ್ಮನ ತಲೆಯಲ್ಲಿ ಆ ಕ್ಷಣ ಏನು ಓಡಿತೆಂದರೆ: ನಾನು ಬಾಯಿ ತೆಗೆಸಿ ನೋಡಿದ್ದೇನೆ, ಆದರೂ ರಕ್ತ ಇಳಿದಿದೆ. ಅಂದಮೇಲೆ ನಾನು ಬಸ್ಸು ಹತ್ತಿದ ಮೇಲೆ ಬೆರಳು ಹಾಕಿ ವಾಂತಿ ಮಾಡಿಕೊಳ್ಳುತ್ತಾಳೆ, ಬೇರೇನು? ತಾನು ಹಿಡಿದ ಅನುಪಾನವೇ ತಪ್ಪಿರಬಹುದೆಂದು ಮಾತ್ರ ತೋಚಲಿಲ್ಲ. ಮೊದಲಿನ ದಿನದಿಂದ ಗುಣ ಕೊಟ್ಟ ಹಾಲು ಅದು.

ತೆಲುಗಿನಲ್ಲಿ ಹೇಳಿದಳು: “ಇಲ್ಲಮ್ಮ, ಸರಿಯಾಗಿ ತಿನ್ನುವುದಿಲ್ಲ. ಚೆಲ್ಲುತ್ತಾಳೆ.”

ಡಾಕ್ಟರಮ್ಮ ರೇಣುಕಾಳಿಗೆ ಚೆನ್ನಾಗಿ ಬೈದಳು. ನಿನಗೂ ಕೂಸಿಗೂ ಜೀವದ ಮಾತಿದು, ಎರಡು ವಾರ ಬಿಡದೆ ತಿಂದು ಬಾ, ಆಮೇಲೂ ಏರದಿದ್ದರೆ ಕಳಿಸುತ್ತೇನೆ ಎಂದು ಇನ್ನಷ್ಟು ಗುಳಿಗೆ ಕೊಟ್ಟಳು. ರೇಣುಕಾಳಿಗೆ ಮಾತು ಅರ್ಥವಾಗದಿದ್ದರೂ ಬೈಗುಳ ಅರ್ಥವಾಯಿತು. ಹೊರಗೆ ಬಂದ ಮೇಲೆ ಕೇಳಿದಳು: “ನೀವು ಏನ ಹೇಳಿದ್ರಿ ಅತ್ತಿ?”

“ಇದ್ದದ್ದ ಹೇಳೀನಿ.”

ಅಂದಿನಿಂದ ರೇಣುಕಾ ಅತ್ತೆಯ ಜೊತೆ ಬೇಕಾದಷ್ಟೇ ಮಾತಾಡಿದಳು. ಹುಲಗೇಶ ಅವಳ ಜೊತೆ ಅಷ್ಟೂ ಆಡಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುವ ಗಾದೆ ಆ ಮನೆಯಲ್ಲಿ ಸುಳ್ಳಾಯಿತು. ಅವನು ಉಂಡ, ಮಲಗಿದ, ಎದ್ದ, ಪಟಾನ್‌ಚೆರು ಬಸ್ಸು ಹಿಡಿದ. ಬುತ್ತಿ ಕಟ್ಟಿಕೊಟ್ಟ ಕೈಯನ್ನು ನೋಡಲಿಲ್ಲ. ತಾಯಿಯ ಮೇಲೆ ಆಣೆ ಮಾಡಿಯೂ ಸುಳ್ಳು ಹೇಳುವ ಹೆಂಗಸಿನ ಜೊತೆ ಮಾತೇನು ಎಂಬುದು ಅವನ ಮಾತು.

ಎರಡು ವಾರ ತುಂಬಲಿಲ್ಲ. ಒಂದು ಭಾನುವಾರ ಮಧ್ಯಾಹ್ನ, ಜೋಳ ಹಸನು ಮಾಡುತ್ತ ಕುಳಿತಿದ್ದ ರೇಣುಕಾ ಸೊಂಟ ಹಿಡಿದುಕೊಂಡು “ಅತ್ತೀ” ಎಂದಳು. ದಿನ ಇನ್ನೂ ಇದ್ದವು. ಹುಲಗೇಶ ಓಡಿಹೋಗಿ ಆಟೋ ತಂದ. ಗದಿಗೆಮ್ಮ ಬಟ್ಟೆ ಗಂಟು ಕಟ್ಟಿಕೊಂಡು ಮುಂದೆ, ಡ್ರೈವರನ ಪಕ್ಕದಲ್ಲಿ, ಒಂದು ಕಾಲು ಹೊರಗೆ ಬಿಟ್ಟು ಕುಳಿತಳು. ಹಿಂದೆ ಗಂಡ-ಹೆಂಡತಿ. ಟ್ರಾಫಿಕ್ಕಿನ ಗದ್ದಲದಲ್ಲಿ ಹಿಂದಿನ ಮಾತು ಅವಳಿಗೆ ಕೇಳಿಸಲಿಲ್ಲ.

ಹೆಣ್ಣು ಕೂಸು. ಸಣ್ಣದು, ಬೆಕ್ಕಿನ ಮರಿಯಷ್ಟು, ಆದರೆ ಉಸಿರು ಗಟ್ಟಿಯಾಗಿತ್ತು. ಕೂಸಿನ ಅಳು ಕೇಳಿ ಗದಿಗೆಮ್ಮ ಇನ್ನೇನು ಕೈ ಮುಗಿಯಬೇಕು, ನರ್ಸುಗಳ ಓಡಾಟ ಶುರುವಾಯಿತು. ರಕ್ತ ನಿಲ್ಲುತ್ತಿಲ್ಲ ಎಂದರು. ಆಸ್ಪತ್ರೆಯವರು ರಕ್ತ ಏರಿಸಿದರು, ಹುಲಗೇಶ ತೋಳು ಚಾಚಿ ಕೊಟ್ಟ, ಅವನ ಜೊತೆಯ ಕೆಲಸಗಾರರು ಬಂದು ಕೊಟ್ಟರು. ಇದ್ದ ರಕ್ತವೇ ಅಷ್ಟು ಕಡಿಮೆ, ಹೋಗುವುದನ್ನು ತಡೆದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಸಂಜೆ ದೀಪ ಹಚ್ಚುವ ಹೊತ್ತಿಗೆ ವಯಸ್ಸಾದ ಡಾಕ್ಟರೊಬ್ಬರು ಹೊರಗೆ ಬಂದು ಹುಲಗೇಶನ ಭುಜ ಮುಟ್ಟಿದರು.

ಅಯ್ಯೋ, ಇಪ್ಪತ್ತೆರಡು ವರ್ಷದ ಹುಡುಗಿ. ಗದಿಗೆಮ್ಮ ನೆಲಕ್ಕೆ ತಲೆ ಚಚ್ಚಿಕೊಂಡು ಅತ್ತಳು. “ಗುಳಿಗಿ ತಿನ್ನು ತಿನ್ನು ಅಂತ ಬಡಕೊಂಡ್ನಲ್ಲ ತಾಯಿ! ಕೇಳಲಿಲ್ಲಲ್ಲ!” ಎಂದೇ ಅತ್ತಳು. ಮಣ್ಣಿಗೆ ಬಂದವರಿಗೂ ಅದನ್ನೇ ಹೇಳಿದಳು. ಊರಿನ ಮಣ್ಣಿನಲ್ಲಿ ಇಟ್ಟು ಬಂದರು. ಕೂಸು ಆಸ್ಪತ್ರೆಯ ಪೆಟ್ಟಿಗೆಯಲ್ಲಿ ಬೆಚ್ಚಗೆ ಕೆಲವು ದಿನ ಇದ್ದು ಮನೆಗೆ ಬಂತು.

ಅನ್ನಮ್ಮ ಕೂಸನ್ನು ನೋಡಿಕೊಳ್ಳಲು ಸನತ್‌ನಗರಕ್ಕೆ ಬಂದು ಉಳಿದಳು. ಇಬ್ಬರು ಅಜ್ಜಿಯರು, ಒಂದು ಕೂಸು, ಒಂದೇ ಕೋಣೆ. ಅನ್ನಮ್ಮ ಬೆಳಗ್ಗೆ ಎದ್ದು ರೊಟ್ಟಿ ಬಡಿಯುವಳು, ಅಮರಯ್ಯನ ಬೆನ್ನಿಗೆ ಎಣ್ಣೆ ಕಾಯಿಸಿ ಕೊಡುವಳು, ಯಾರೂ ಹೇಳದೆಯೇ ಎಲ್ಲರ ಬಟ್ಟೆ ಒಗೆಯುವಳು. ಯಾವುದೋ ಋಣ ತೀರಿಸುವವಳ ಹಾಗೆ ದುಡಿಯುತ್ತಿದ್ದಳು. ಗದಿಗೆಮ್ಮ ಬೇಡವೆಂದರೆ, “ಇರ್ಲಿ ಬಿಡ್ರಿ ಅಕ್ಕ” ಎಂದು ಕೊಡ ಎತ್ತಿಕೊಂಡು ಹೋಗುವಳು.

ಕೂಸಿಗೆ ತೂಕ ಸಾಲದೆಂದು ದವಾಖಾನೆಗೆ ತೋರಿಸಲು ಗದಿಗೆಮ್ಮ ಕರೆದುಕೊಂಡು ಹೋದಳು. ತೂಗಿ ನೋಡಿದ ಸಿಸ್ಟರ್ ಒಂದು ಸಣ್ಣ ಶೀಶೆ ಕೈಗಿಟ್ಟಳು. ಕಬ್ಬಿಣಾಂಶದ ಹನಿ, ಸಣ್ಣ ಕೂಸುಗಳಿಗೆ ರಕ್ತ ಆಗುವುದಕ್ಕೆ.

“ಹಾಲಿನಲ್ಲಿ ಕಲಸಿ ಕುಡಿಸುತ್ತೇನೆ” ಎಂದಳು ಗದಿಗೆಮ್ಮ ತೆಲುಗಿನಲ್ಲಿ.

“ಅಯ್ಯೋ, ಹಾಲಿನಲ್ಲಿ ಕಲಸಬೇಡಿ! ಹಾಲು ಕುಡಿಸಿ ಸ್ವಲ್ಪ ಹೊತ್ತು ಬಿಟ್ಟು ಹಾಕಿ. ಹಾಲಿನ ಜೊತೆ ಹಾಕಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ದೊಡ್ಡವರ ಗುಳಿಗೆಗೂ ಅಷ್ಟೇ. ಹಾಲು, ಚಹಾ, ಒಗರು ಪದಾರ್ಥ ಯಾವುದರ ಜೊತೆಗೂ ನುಂಗಬಾರದು.”

ಗದಿಗೆಮ್ಮ ಎದ್ದವಳು ಕುಳಿತಳು.

“ಒಗರು ಅಂದರೆ?”

“ನಾಲಿಗೆ ಹಿಡಿಯುತ್ತಲ್ಲಮ್ಮ, ಅಂಥದ್ದು.”

“ಖರ್ನೂಬ್ ಅಂತ ಒಂದು ಕಾಯಿ. ಸಿಹಿ. ಆಮೇಲೆ ಒಗರು. ಅದನ್ನು ಹಾಲಿನಲ್ಲಿ ಹಾಕಿ... ಗುಳಿಗೆಯನ್ನು ಅದರ ಜೊತೆ...”

“ನಾನು ಆ ಕಾಯಿ ಕಂಡಿಲ್ಲ. ಹೊಟ್ಟೆಗೆ ಒಳ್ಳೆಯದಿರಬಹುದು, ಬೇರೆ ಹೊತ್ತಿನಲ್ಲಿ ಕುಡಿದರೆ ಏನೂ ಇಲ್ಲ. ಆದರೆ ಗುಳಿಗೆಯ ಜೊತೆಗೆ ಹಾಲು, ಅದರ ಮೇಲೆ ಒಗರು ಬೇರೆ ಅಂದರೆ, ಗುಳಿಗೆ ತಿಂದೂ ತಿನ್ನದ ಹಾಗೆಯೇ. ಯಾರಿಗೆ ಕೊಡುತ್ತಿದ್ದೀರಿ?”

ಗದಿಗೆಮ್ಮ ಕೂಸನ್ನು ಎದೆಗೆ ಅವಚಿಕೊಂಡು ಹೊರಗೆ ಬಂದಳು. ಹುಡುಗಿ ಬಾಯಿ ತೆರೆದು ನಾಲಿಗೆ ಎತ್ತಿ ನಿಂತದ್ದು ಕಣ್ಣ ಮುಂದಿನಿಂದ ಸರಿಯಲೇ ಇಲ್ಲ. ತಿಂದಿದ್ದಳು. ಒಂದು ದಿನವೂ ತಪ್ಪಿಸದೆ ತಿಂದಿದ್ದಳು. ಅತ್ತೆ ಕದಡಿ ಕೊಟ್ಟದ್ದನ್ನು ಕೊನೆಯ ಗುಟುಕಿನವರೆಗೆ ಕುಡಿದಿದ್ದಳು. ಸೂಜಿಗೆ ಬರೆದುಕೊಡುತ್ತೇನೆ ಎಂದ ಡಾಕ್ಟರಮ್ಮನ ಕೈಯನ್ನು ತಡೆದ ಮಾತು ಯಾರದು? ದಾರಿಯುದ್ದಕ್ಕೂ ಒಂದೇ ಯೋಚನೆ: ಸಿಸ್ಟರ್ ಹೇಳಿದ್ದು ನನ್ನೊಬ್ಬಳಿಗೇ. ನಾನು ನುಂಗಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ. ಸತ್ತವಳು ಎದ್ದು ಬಂದು ಕೇಳುವುದಿಲ್ಲ. ಮಗ ನನ್ನವನಾಗಿಯೇ ಉಳಿಯುತ್ತಾನೆ. ಅವಳು ಕೆಟ್ಟವಳೇನೂ ಅಲ್ಲ, ಆದರೆ ಇದನ್ನು ಯೋಚಿಸಿದಳು. ಕೆಲವು ದಿನ ಹಾಗೆಯೇ ನುಂಗಿಕೊಂಡೂ ಇದ್ದಳು.

ಅನ್ನಮ್ಮ ಕೂಸನ್ನು ಊರಿಗೆ ಕರೆದೊಯ್ಯಲು ನಿರ್ಧಾರವಾಯಿತು. ಹೊರಡುವ ಹಿಂದಿನ ಸಂಜೆ, ಗಂಟು ಕಟ್ಟಿಟ್ಟು, ಅವಳು ಗದಿಗೆಮ್ಮನ ಮುಂದೆ ಬಂದು ಕುಳಿತಳು. ಸೆರಗು ಕೈಯಲ್ಲಿ ಹಿಡಿದುಕೊಂಡು, ಕಾಲು ಮುಟ್ಟಲು ಬಾಗಿದಳು.

“ಅಕ್ಕಾ, ನನ್ನ ಮಗಳನ್ನ ಮಾಫ್ ಮಾಡ್ರಿ. ನೀವು ಇಷ್ಟ ಮಾಡಿದ್ರಿ, ಆಕಿ ಉಳಿಸಿಕೊಳ್ಳಲಿಲ್ಲ. ನಿಮಗ ಸುಳ್ಳ ಹೇಳಿದ್ಲು, ಗಂಡಗ ಸುಳ್ಳ ಹೇಳಿದ್ಲು. ಹೋಗ್ಲಿ, ನನ್ನ ತಲಿ ಮ್ಯಾಲ ಕೈ ಇಟ್ಟು ಸುಳ್ಳ ಆಣಿ ಮಾಡಿದ್ಲು. ಅದಕ್ಕ ದೇವರು ಒಯ್ದ. ಆಣಿ ಮಾಡಿಸಿದಾಕಿ ನಾನ. ನನ್ನ ಬಾಯಿಂದನ ‘ಒಳ್ಳೇದಾಗಂಗಿಲ್ಲ’ ಅಂದಿದ್ದೆ...”

ಮುಂದೆ ಅವಳಿಂದ ಆಗಲಿಲ್ಲ. ಗದಿಗೆಮ್ಮ ಅವಳ ಎರಡೂ ಕೈ ಹಿಡಿದುಕೊಂಡಳು.

“ಅಕ್ಕಾ, ಕಾಲ ಮುಟ್ಟಬ್ಯಾಡ್ರಿ. ಆಕಿ ಸುಳ್ಳ ಆಣಿ ಮಾಡಿಲ್ಲ.”

“ಅಕ್ಕಾ?”

“ದಿನಾ ತಿಂದಾಳ. ನಾನ ಹಾಲು ಕದಡಿ ಕೊಟ್ಟೀನಿ, ಆ ಕಾಯಿ ಹಾಕಿ. ಅದರ ಜೋಡಿ ನುಂಗಿಸೀನಿ. ಹಾಲು, ಒಗರು ಎರಡೂ ಕೂಡಿ ಗುಳಿಗಿನ್ನ ಮೈಗೆ ಹತ್ತಗೊಡಂಗಿಲ್ಲಂತ. ಸಿಸ್ಟರ್ ಹೇಳಿದ್ಲು. ಡಾಕ್ಟರಮ್ಮ ಸೂಜಿಗೆ ಬರದಕೊಡ್ತೀನಿ ಅಂದ್ಲು, ಆಕಿ ತಿನ್ನಂಗಿಲ್ಲ ಅಂತ ಹೇಳಿದಾಕೀನೂ ನಾನ. ನಿಮ್ಮ ಮಗಳದು ಒಂದ ತಪ್ಪಿಲ್ಲ ಅಕ್ಕಾ. ಒಂದೂ ಇಲ್ಲ.”

ಅಮರಯ್ಯ ಚಾಪೆಯಿಂದ ಎದ್ದು ಕುಳಿತಿದ್ದ. ಅನ್ನಮ್ಮ ಕೈ ಬಿಡಿಸಿಕೊಳ್ಳಲಿಲ್ಲ, ಬೈಯಲಿಲ್ಲ. ಒಂದೇ ಮಾತು ಕೇಳಿದಳು.

“ಹಂಗಾದ್ರ ಆಣಿ ಖರೆ?”

“ಖರೆ ಅಕ್ಕಾ.”

“ನನ್ನ ಮಗಳು ಖರೆ ಹೇಳಿದ್ಲು?”

“ಖರೇನ ಹೇಳಿದ್ಲು.”

ಆಗ ಅನ್ನಮ್ಮ ಅತ್ತಳು. ಮಣ್ಣು ಕೊಟ್ಟ ದಿನವೂ ತಲೆ ತಗ್ಗಿಸಿ ಅತ್ತಿದ್ದ ಹೆಂಗಸು ಈಗ ಓಣಿಗೆಲ್ಲ ಕೇಳುವ ಹಾಗೆ ಬಾಯಿಬಿಟ್ಟು ಅತ್ತಳು.

ಬಾಗಿಲಲ್ಲಿ ಹುಲಗೇಶ ಬುತ್ತಿ ಚೀಲ ಹಿಡಿದು ನಿಂತಿದ್ದ. ಯಾವಾಗ ಬಂದನೋ, ಎಷ್ಟು ಕೇಳಿದನೋ. ಚೀಲ ಕೆಳಗಿಟ್ಟು ಹೊಸ್ತಿಲ ಮೇಲೆ ಕುಳಿತುಬಿಟ್ಟ.

“ಯವ್ವಾ” ಎಂದ. “ಆಟೋದಾಗ ಆಕಿ ನನ್ನ ಕೈ ಹಿಡಕೊಂಡಿದ್ಲು. ‘ಯಾರ ನಂಬದಿದ್ರೂ ನೀವರ ನಂಬ್ರಿ, ನಾ ತಿಂದೀನ್ರಿ’ ಅಂದ್ಲು.”

“ನೀ ಏನಂದಿ ಮಗಾ?”

“ಏನೂ ಅನ್ನಲಿಲ್ಲ. ಕೈ ಬಿಡಿಸಿಕೊಂಡೆ.”

ಮೊಣಕಾಲಿಗೆ ಮುಖ ಒತ್ತಿಕೊಂಡು ಅವನು ಅಳತೊಡಗಿದ. ಹೆಂಡತಿ ಸತ್ತ ಮೇಲೆ ಅವನು ಅತ್ತದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಗದಿಗೆಮ್ಮ ಗೋಡೆ ಹಿಡಿದು ಎದ್ದು, ಅವನ ತಲೆ ಸವರಲೆಂದು ಎರಡು ಹೆಜ್ಜೆ ಹೋದಳು.

“ಬ್ಯಾಡ ಯವ್ವಾ” ಎಂದ ಹುಲಗೇಶ, ತಲೆ ಎತ್ತದೆ. “ಹತ್ರ ಬರಬ್ಯಾಡ.”

ಗದಿಗೆಮ್ಮ ನಿಂತಲ್ಲೇ ನಿಂತಳು.